ನೀನು ಮೂಸಿದ ನಾಲ್ಕು ಸೀಸೆಗಳು

ಬೆಸೆಂಟ್ ನಗರ
ಬುಧವಾರ ಬೆಳಿಗ್ಗೆ

ಪ್ರೀತಿಯ ಜಾನಕತ್ತೆಗೆ,

ಈ ಕಾಗದವನ್ನು ದೇವರ ಮನೆಯ ಹತ್ತಿರ ಕೂತು ಓದಬೇಡ. ಮಡಿಯಲ್ಲಿದ್ದರೆ ಮುಟ್ಟಲೂ ಬೇಡ. ಊಟ ಮುಗಿಸಿ, ಕನ್ನಡಕ ಹಾಕಿಕೊಂಡು, ಹೊರಗಿನ ಕೋಣೆಯ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ನಿಧಾನವಾಗಿ ಓದು. ಎದುರಿಗೇ ಹೇಳಬೇಕೆಂದು ಮೂರು ಸಲ ಮಾಂಬಲಕ್ಕೆ ಬಂದೆ. ಮೂರು ಸಲವೂ ಕಾಫಿ ಕುಡಿದು ವಾಪಸು ಹೋದೆ. ನಿನಗೀಗ ಕಿವಿ ಮಂದ. ನಾನು ಕೂಗಿ ಹೇಳಬೇಕು. ಕೂಗಿದರೆ ಎದುರು ಮನೆಯ ಜಯಲಕ್ಷ್ಮೀ ಮಾಮಿಗೆ, ಮೇಲಿನ ಮಹಡಿಯವರಿಗೆ, ಕೆಳಗೆ ಇಸ್ತ್ರಿ ಮಾಡುವವನಿಗೆ ಎಲ್ಲರಿಗೂ ಕೇಳುತ್ತದೆ. ಇದು ಕೂಗಿ ಹೇಳುವಂಥ ವಿಷಯವಲ್ಲ. ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಓದುತ್ತಿದ್ದವಳನ್ನು ದಿನಾ ಸಾಯಂಕಾಲ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದವಳು ನೀನು. ಒತ್ತು, ದೀರ್ಘ ತಪ್ಪಿದ್ದರೆ ಮನ್ನಿಸು. ಬೇರೆಯದನ್ನು ಮನ್ನಿಸು ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಹನ್ನೊಂದು ವರ್ಷದಿಂದ ಹೋಟೆಲಿನಲ್ಲಿ ಗೆಸ್ಟುಗಳನ್ನು ನೋಡಿಕೊಳ್ಳುವ ಕೆಲಸ ಎಂದು ನಿನಗೆ ಹೇಳುತ್ತ ಬಂದಿದ್ದೇನೆ. ಅದು ಅರ್ಧ ನಿಜ. ನನ್ನ ಕೆಲಸ ವೈನ್. ದ್ರಾಕ್ಷಿಯಿಂದ ಮಾಡುವ ಮದ್ಯ, ಅತ್ತೆ. ನೀನು ಹೆಸರೆತ್ತಲೂ ಇಷ್ಟಪಡದ ಜಾತಿಯದೇ. ಯಾವ ಊಟಕ್ಕೆ ಯಾವ ವೈನ್ ಹೊಂದುತ್ತದೆ ಎಂದು ಆರಿಸಬೇಕು, ಬಾಟಲಿ ತೆರೆದು ಮೂಸಬೇಕು, ಬಾಯಿಗೆ ಒಂದು ಗುಟುಕು ಹಾಕಿಕೊಂಡು ನೋಡಿ ಉಗುಳಬೇಕು, ಆಮೇಲೆ ಮೇಜಿಗೆ ಕೊಡಬೇಕು. ಅದೇ ನನ್ನ ದಿನದ ಕೆಲಸ. ಉಗುಳುತ್ತೇನೆ ಎಂದೆನಲ್ಲ, ಎಲ್ಲ ಸಲವೂ ಅಲ್ಲ. ಈ ಕಾಗದದಲ್ಲಾದರೂ ಅರ್ಧ ನಿಜ ಬೇಡ.

ಡ್ಯೂಟಿ ಮುಗಿಯುವುದು ತಡವಾಗುತ್ತದೆ, ಕಡೆಯ ರೈಲು ಸಿಗುವುದಿಲ್ಲ ಎಂದು ಹೇಳಿ ಬೆಸೆಂಟ್ ನಗರದಲ್ಲಿ ಮನೆ ಹಿಡಿದೆನಲ್ಲ, ಅದೂ ಹಾಗೆಯೇ. ರೈಲು ಸಿಗುತ್ತಿತ್ತು. ನಾನು ಹೆದರಿದ್ದು ನಿನ್ನ ಮೂಗಿಗೆ. ಅಪ್ಪ ರೈಲ್ವೆ ಆಫೀಸಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ, ಒಳಗಿನಿಂದಲೇ "ಕಮಲಾಕರಾ, ಇವತ್ತೂ ಕ್ಯಾಂಟೀನ್‌ನಲ್ಲಿ ಈರುಳ್ಳಿ ವಡೆ ತಿಂದಿಯಾ?" ಎನ್ನುತ್ತಿದ್ದವಳು ನೀನು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಆದರೂ ಮಠದ ಆರಾಧನೆಯ ಅಡಿಗೆಯಲ್ಲಿ ನಿನ್ನ ಕೈಯ ಉಪ್ಪು ಒಂದು ದಿನವೂ ಹೆಚ್ಚು ಕಡಿಮೆಯಾಗಿದ್ದಿಲ್ಲ. ಹೇಗತ್ತೆ ಎಂದು ಕೇಳಿದರೆ, "ಹಂಡೆಯಿಂದ ಬರೋ ಆವಿ ಹೇಳತ್ತೆ ಕಣ್ಣೇ" ಎನ್ನುತ್ತಿದ್ದೆ. ಅಂಥವಳ ಪಕ್ಕದ ಹಾಸಿಗೆಯಲ್ಲಿ ಮಲಗಿ ನಾನು ಈ ಉದ್ಯೋಗ ಮಾಡುವುದು ಸಾಧ್ಯವಿರಲಿಲ್ಲ. ಅಪ್ಪ ಹೋದ ಮೇಲೆ ನಿನ್ನನ್ನು ಬಿಟ್ಟು ಬಂದದ್ದಕ್ಕೆ ಕಾರಣ ಇಷ್ಟೇ.

ಆ ಮೂಗು ನನಗೂ ಬಂದಿತ್ತು. ಹೋಟೆಲಿನವರು ನನ್ನನ್ನು ಇಟ್ಟುಕೊಂಡದ್ದೇ ಅದಕ್ಕೆ. ನಾನು ಈಗಲೂ ಮಾಂಸ ತಿನ್ನುವುದಿಲ್ಲ, ಅದು ಪೂರ್ತಿ ನಿಜ. ಆದರೆ ಮಾಂಸದ ಅಡಿಗೆಗೆ ವೈನ್ ಆರಿಸುವುದೂ ನನ್ನ ಪಾಲಿನ ಕೆಲಸ. ಪಾತ್ರೆಯ ಮೇಲೆ ಬಗ್ಗಿ ಮೂಸಿ, ಎಣ್ಣೆ ಎಷ್ಟು, ಹುಳಿ ಎಷ್ಟು, ಖಾರ ಮೆಣಸಿನದೋ ಮೆಣಸಿನಕಾಯಿಯದೋ ಎಂದು ತಿಳಿದುಕೊಳ್ಳುತ್ತಿದ್ದೆ. ನಮ್ಮ ಮುಖ್ಯ ಅಡಿಗೆಯವನು ಅಜಯ್ ತಿಂದು ನೋಡಿ, "ಸರಿಯಾ ಇರುಕ್ಕು ಅಕ್ಕಾ", ಸರಿಯಾಗಿದೆ ಎನ್ನುತ್ತಿದ್ದ. ತಿನ್ನದೆ ಅಡಿಗೆಯ ಲೆಕ್ಕ ಹೇಳುವುದನ್ನು ಯಾವ ಕೋರ್ಸೂ ನನಗೆ ಕಲಿಸಲಿಲ್ಲ. ನಿನ್ನನ್ನು ನೋಡಿ ಬಂದದ್ದು.

ಜೂನ್ ತಿಂಗಳಲ್ಲಿ ನನಗೆ ಜ್ವರ ಬಂತಲ್ಲ, ನೀನು ಜಯಲಕ್ಷ್ಮೀ ಮಾಮಿಯ ಕೈಯಲ್ಲಿ ಮೆಣಸಿನ ಸಾರು ಕಳಿಸಿದ್ದೆಯಲ್ಲ, ಆ ಸಾರು ಕುಡಿದಾಗ ನನಗೆ ಗೊತ್ತಾಯಿತು. ಗಂಟಲು ಉರಿಯಿತು, ನಾಲಿಗೆಗೆ ಉಪ್ಪು ಹುಳಿ ತಿಳಿಯಿತು. ಸಾರಿನ ವಾಸನೆ ಬರಲಿಲ್ಲ. ಮೂಗು ಕಟ್ಟಿದೆ ಎಂದುಕೊಂಡೆ. ಜ್ವರ ಹೋಯಿತು, ನೆಗಡಿ ಹೋಯಿತು, ವಾಸನೆ ಬರಲೇ ಇಲ್ಲ. ಕಾಫಿ ಪುಡಿ ಡಬ್ಬಿಯಲ್ಲಿ ಮುಖ ಇಟ್ಟೆ, ಏನೂ ಇಲ್ಲ. ಕರ್ಪೂರ ಹಚ್ಚಿದೆ, ಹೊಗೆ ಕಣ್ಣಿಗೆ ಮಾತ್ರ ಹೋಯಿತು. ಡಾಕ್ಟರು ಕಡ್ಡಿ ಹಾಕಿ ನೋಡಿ, "ಮೂರು ತಿಂಗಳಲ್ಲಿ ಬರಬಹುದು, ವರ್ಷ ಹಿಡಿಯಬಹುದು, ಕೆಲವರಿಗೆ ಬರುವುದೇ ಇಲ್ಲ" ಎಂದರು. ಮೂರನೆಯದನ್ನು ಅವರು ಮೊದಲ ಎರಡರಷ್ಟೇ ಶಾಂತವಾಗಿ ಹೇಳಿದರು.

ಅವತ್ತಿನಿಂದ ನಾನು ಹೇಗಿದ್ದೇನೆ ಎಂದು ಹೇಗೆ ಬರೆಯಲಿ? ಗ್ಯಾಸ್ ಒಲೆಯ ತಿರುಪನ್ನು ಬೆಳಿಗ್ಗೆ ಹೊರಡುವ ಮೊದಲು ನಾಲ್ಕು ಸಲ ಮುಟ್ಟಿ ನೋಡುತ್ತೇನೆ. ಬಸ್ ಸ್ಟಾಪಿನವರೆಗೆ ಹೋಗಿ ಮತ್ತೆ ವಾಪಸು ಬಂದು ನೋಡಿದ್ದೂ ಇದೆ. ಸೋರಿದರೆ ನನಗೆ ತಿಳಿಯುವುದಿಲ್ಲವಲ್ಲ. ದಿನಕ್ಕೆ ಎರಡು ಸಲ ಸ್ನಾನ ಮಾಡಿದರೂ ಲಿಫ್ಟಿನಲ್ಲಿ ಯಾರಾದರೂ ಒಂದು ಹೆಜ್ಜೆ ಸರಿದು ನಿಂತರೆ, ನನ್ನಿಂದ ಬೆವರಿನ ವಾಸನೆ ಬರುತ್ತಿರಬಹುದೇ ಎಂದು ಎದೆ ಹೊಡೆದುಕೊಳ್ಳುತ್ತದೆ. ಎಲಿಯಟ್ಸ್ ಬೀಚಿಗೆ ಹೋಗಿ ನಿಲ್ಲುತ್ತೇನೆ. ಸಮುದ್ರದ ಸದ್ದು ಇದೆ, ಗಾಳಿ ಇದೆ, ಮೀನಿನ ಬುಟ್ಟಿಗಳು ಕಣ್ಣೆದುರೇ ಇವೆ. ಗಾಜಿನ ಆಚೆಯಿಂದ ನೋಡುತ್ತಿರುವ ಹಾಗೆ. ಹೋಟೆಲಿನಲ್ಲಿ ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಮೇಲೆ ಆ ಕೆಲಸದಲ್ಲಿ ನನಗೇನಿದೆ? ಲೋಟ ಎತ್ತಿ ಮೂಸಿದಂತೆ ಮಾಡುತ್ತಿದ್ದೆ, ಹಳೆಯ ನೆನಪಿನಿಂದ ಮಾತಾಡುತ್ತಿದ್ದೆ. ನನ್ನ ದನಿ ಎಲ್ಲಿ ನಡುಗುತ್ತದೋ ಎಂದು ನಾನೇ ಕಿವಿಗೊಟ್ಟು ಕೇಳುತ್ತಿದ್ದೆ.

ಆಗಲೇ ಈ ಗ್ರೀಸಿನ ಊಟ ಬಂದದ್ದು. ನಮ್ಮ ಮ್ಯಾನೇಜರ್ ಶಂಕರನಾರಾಯಣ ಅವರು, ಯಾರೂ ಕೇಳಿರದ ಗ್ರೀಸ್ ದೇಶದ ಕೆಂಪು ವೈನುಗಳನ್ನು ನಮ್ಮ ಕಡೆಯ ಎಣ್ಣೆ ಮಸಾಲೆಯ ಅಡಿಗೆಯ ಜೊತೆ ಕೊಡೋಣ ಎಂದು ಗೊತ್ತು ಮಾಡಿದರು. ನಲವತ್ತು ಜನ, ಪತ್ರಿಕೆಯವರೂ ಬರುತ್ತಾರೆ, ಜೋಡಿ ಹಾಕುವವಳು ವೃಂದಾ. ನಾಲ್ಕು ವೈನು ಬಂದು ಇಳಿದವು. ಹಳೆಯ ನೆನಪಿನಿಂದ ನಡೆಸಲು ನನಗೆ ಅವುಗಳ ಹಳೆಯ ನೆನಪೇ ಇಲ್ಲ. ಕ್ರೀಟ್ ದ್ವೀಪದ ಲಿಯಾತಿಕೊ, ನೆಮೆಯಾ ಕಡೆಯ ಅಯೊರ್ಯೀತಿಕೊ, ನಾವುಸಾ ಕಡೆಯ ಕ್ಸಿನೋಮಾವ್ರೊ, ಸಿಹಿಯಿಲ್ಲದ ಮಾವ್ರೊದಾಫ್ನಿ. ಹೆಸರು ಬಾಯಿಪಾಠ ಮಾಡಿದೆ, ಪುಸ್ತಕದಲ್ಲಿ ಓದಿದೆ. ನಾಲಿಗೆಗೆ ಹುಳಿ ಸಿಗುತ್ತಿತ್ತು, ಒಗರು ಸಿಗುತ್ತಿತ್ತು. ಒಗರಿನ ಕೆಂಪು ವೈನಿಗೆ ಒಣಮೆಣಸಿನಕಾಯಿಯ ಖಾರ ಸೇರಿದರೆ ಎರಡೂ ಸೇರಿ ಬಾಯನ್ನು ಸುಡುತ್ತವೆ, ತೆಂಗಿನಕಾಯಿ, ತುಪ್ಪ, ಎಳ್ಳೆಣ್ಣೆ ಇದ್ದರೆ ಒಗರು ಮೆತ್ತಗಾಗುತ್ತದೆ, ಹುಣಸೆಯ ಅಡಿಗೆಗೆ ಹುಳಿಯಿರುವ ವೈನೇ ಬೇಕು, ಇಷ್ಟು ನನಗೆ ಗೊತ್ತು. ಆದರೆ ಅವು ಹೇಗಿವೆ ಎಂಬುದೇ ಗೊತ್ತಿಲ್ಲ. ನಾಲ್ಕು ಜನರ ಮುಖ ನೋಡದೆ ಸಂಬಂಧ ಮಾತಾಡಿದ ಹಾಗೆ.

ಮುಂದಿನದು ನಿನಗೆ ಗೊತ್ತು ಎಂದುಕೊಂಡಿದ್ದೀಯ. ಗೊತ್ತಿಲ್ಲ, ಅತ್ತೆ.

ಜುಲೈ ತಿಂಗಳ ಆ ಮಧ್ಯಾಹ್ನ ನಾನು ಕೈಚೀಲದಿಂದ ನಾಲ್ಕು ಔಷಧಿ ಸೀಸೆ ತೆಗೆದು ಊಟದ ಮೇಜಿನ ಮೇಲಿಟ್ಟೆ. "ಗ್ರೀಸ್ ದೇಶದಿಂದ ಬಂದಿದೆ ಅತ್ತೆ, ನಮ್ಮ ದ್ರಾಕ್ಷಾರಿಷ್ಟದ ಥರ ಕಷಾಯ. ಹೋಟೆಲಲ್ಲಿ ಊಟದ ಜೊತೆ ಕೊಡ್ತಾರಂತೆ. ನೀನು ಸುಮ್ಮನೆ ಮೂಸಿ, ಯಾವುದು ಎಂಥಾ ಅಡಿಗೆಗೆ ಹೋಗತ್ತೆ ಹೇಳು" ಎಂದು ನಿನ್ನ ಕಿವಿಯ ಹತ್ತಿರ ಕೂಗಿದೆ. ಔಷಧಿ ಅಲ್ಲ ಅದು. ನನ್ನ ನಾಲ್ಕು ವೈನುಗಳನ್ನೇ, ಮೇಲೆ ಬರೆದ ಕ್ರಮದಲ್ಲೇ, ಔಷಧಿ ಸೀಸೆಗೆ ಬಗ್ಗಿಸಿ ತಂದಿದ್ದೆ. ದೇವರಿಗೆ ಏರಿಸುವ ಹೂವನ್ನು ಮೂಸಬಾರದೆಂದು ಉಸಿರು ಬಿಗಿಹಿಡಿದು ಹಾರ ಕಟ್ಟುವವಳ ಮೂಗಿನ ಕೆಳಗೆ ಮದ್ಯ ಹಿಡಿದೆ. ನೀನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಶರಿ, ಕೊಡು ಇಲ್ಲಿ" ಎಂದು ಸೆರಗಿನಿಂದ ಸೀಸೆಯ ಬಾಯಿ ಒರೆಸಿದೆ.

ಮೊದಲನೆಯದನ್ನು ಮೂಸಿ ನೀನು ಹೇಳಿದ ಮಾತು ನನ್ನ ನೋಟ್‌ಬುಕ್ಕಿನಲ್ಲಿದೆ. "ಬಣ್ಣ ನೋಡಿದ್ರೆ ತಿಳಿಸಾರು. ಒಳಗೆ ನೋಡು, ಗುಲ್ಕನ್ ಇದೆ, ಲವಂಗ ಹಾಕಿ ಇಳಿಸಿದ ಪಾಕ ಇದೆ. ಇದನ್ನ ತಣ್ಣಗೆ ಕೊಡು, ಖಾರದೋರಿಗೆ ಇದೇ ಸರಿ." ಎರಡನೆಯದಕ್ಕೆ ನಿನ್ನ ಮುಖ ಅರಳಿತು. "ಮಾಗಿದ ನೇರಳೆ ಹಣ್ಣು, ಅದರ ಮೇಲೆ ಯಾರೋ ಜಾಯಿಕಾಯಿ ತೇದಿದಾರೆ. ಸಾಧು ಇದು. ತೆಂಗಿನಕಾಯಿ ಅರೆದ ಕುರ್ಮಾ ಜೊತೆ ಚೆನ್ನಾಗಿ ಬಾಳ್ವೆ ಮಾಡತ್ತೆ." ಮೂರನೆಯದರಲ್ಲಿ ನೀನು ತಲೆ ಹಿಂದಕ್ಕೆ ಎಳೆದುಕೊಂಡೆ. "ಅಯ್ಯೋ, ಜಗಳಗಂಟಿ! ಟೊಮೇಟೊ ಗೊಜ್ಜು, ಎಣ್ಣೆ ಬಿಡೋ ತನಕ ಬಾಡಿಸಿದ್ದು. ಅದರ ಹಿಂದೆ ರಂಗನಾಥನ್ ಬೀದಿ ಚಪ್ಪಲಿ ಅಂಗಡಿ. ಇದನ್ನ ಒಣಮೆಣಸಿನಕಾಯಿ ಪಕ್ಕ ಕೂರಿಸಬೇಡ, ಹೊಡೆದಾಡ್ತವೆ. ಹುಣಸೆಹುಳಿ, ಎಣ್ಣೆ ಎರಡೂ ಧಾರಾಳ ಇರೋ ಕಡೆ ಕೂರಿಸು, ಬಾಯಿ ಮುಚ್ಚತ್ತೆ." ನಾಲ್ಕನೆಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ. "ಬಾಣಂತಿ ಲೇಹ್ಯ. ಕಾಫಿ ಬೀಜ ಒಂದು ನಿಮಿಷ ಜಾಸ್ತಿ ಹುರಿದದ್ದು. ಪಲಾವ್ ಎಲೆ. ಇದಕ್ಕೆ ಮೆಣಸಿನಕಾಯಿ ಅಲ್ಲ, ಕರಿ ಮೆಣಸು ಬೇಕು. ಮೆಣಸಿನ ಕೊಳಂಬು ಮಾಡಿಸು."

ನಾನು ಬಗ್ಗಿ ಬರೆದುಕೊಳ್ಳುತ್ತಿದ್ದೆ. ಕಣ್ಣು ತುಂಬಿತ್ತು. ಬರೆಯಲು ಸಿಕ್ಕಿತಲ್ಲ ಎಂಬ ಸಂತೋಷವೇ ಆಗ ಹೆಚ್ಚಾಗಿತ್ತು, ನಾಚಿಕೆ ಆಮೇಲೆ ಬಂತು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿನ್ನ ಹುಣಸೆಹುಳಿಯ ಜಾಗದಲ್ಲಿ ಎಣ್ಣೆ ಬದನೆಕಾಯಿ ಕೊಳಂಬನ್ನೇ ಇಟ್ಟೆ, ಕುರ್ಮಾವನ್ನೂ ತರಕಾರಿಯದೇ ಇಟ್ಟೆ. ಆದರೆ ಖಾರದವರಿಗೆ ಎಂದೆಯಲ್ಲ, ಅಲ್ಲಿ ಒಣಮೆಣಸಿನಕಾಯಿ ಹಾಕಿ ಹುರಿದ ಮಟನ್ ಇತ್ತು. ನೀನು ಮೆಣಸಿನ ಕೊಳಂಬು ಎಂದ ಕಡೆ ಅಜಯ್ ಬಾತುಕೋಳಿಯನ್ನು ಕರಿಮೆಣಸಿನಲ್ಲಿ ಬೇಯಿಸಿದ್ದ. ನಿನ್ನ ಬಾಯಿಂದ ಬಂದ ಮಾತನ್ನು ನಾನು ಅಂಥ ತಟ್ಟೆಗಳ ಪಕ್ಕ ಇಟ್ಟೆ.

ಊಟದ ದಿನ, ಹೋದ ಶನಿವಾರ, ಮೊದಲ ಎರಡು ಸುತ್ತು ಚೆನ್ನಾಗಿಯೇ ಆಯಿತು. ಲಿಯಾತಿಕೊವನ್ನು ತಣ್ಣಗೆ ಮಾಡಿ ಮಟನ್ ಜೊತೆ ಕೊಟ್ಟಾಗ, ಖಾರಕ್ಕೆ ಮುಖ ಕೆಂಪಾಗಿದ್ದವರು ಲೋಟ ಎತ್ತಿ ಕುಡಿದು ತಲೆಯಾಡಿಸಿದರು. ನಾನು ಪ್ರತಿ ವೈನಿಗೂ ನಿನ್ನ ಮಾತುಗಳನ್ನೇ ಹೇಳುತ್ತಿದ್ದೆ, ಇಂಗ್ಲಿಷಿನಲ್ಲಿ ಸ್ವಲ್ಪ, ತಮಿಳಿನಲ್ಲಿ ಸ್ವಲ್ಪ. ಚಪ್ಪಲಿ ಅಂಗಡಿ ಎಂದಾಗ ಇಡೀ ಕೋಣೆ ನಕ್ಕಿತು. ಆ ನಗುವಿನ ನಡುವೆಯೇ ಒಬ್ಬ ಹಿರಿಯರು ಲೋಟ ಕೆಳಗಿಟ್ಟು, "ಏನಮ್ಮಾ ಇದು, ಇದರಲ್ಲಿ ನೆನೆದ ಗೋಣಿಚೀಲದ ವಾಸನೆ ಅಲ್ವಾ?" ಎಂದರು. ವೈನಿನ ಬಿರಡೆ ಕೆಟ್ಟರೆ ಹಾಗಾಗುತ್ತದೆ. ಮೂಗಿದ್ದವರಿಗೆ ಬಾಟಲಿ ತೆರೆದ ತಕ್ಷಣ ತಿಳಿಯುತ್ತದೆ. ನಾನು ಆ ಬಾಟಲಿಯನ್ನು ಎಲ್ಲರೆದುರು ಮೂಸಿ, ತಲೆಯಾಡಿಸಿ, ಚೆನ್ನಾಗಿದೆ ಎಂದು ಆರು ಜನರಿಗೆ ಬಡಿಸಿದ್ದೆ.

ಕ್ಷಮೆ ಕೇಳಿ ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಯ ಬಾಗಿಲು ತಳ್ಳಿ ಒಳಗೆ ಹೋದೆ. ಅಲ್ಲಿ ಅಜಯ್ ಒಂದು ಲೋಟ ಮೂಸಿ, ಮೂಗು ಸುಕ್ಕಿಸಿ, ನನ್ನ ಮುಖ ನೋಡಿದ. "ಇಷ್ಟು ಜೋರಾಗಿದೆ. ಅಕ್ಕಾ, ಉಂಗಳುಕ್ಕು ವಾಸನೆ ವರಲೆಯಾ?" ಎಂದ. ವಾಸನೆ ಬರುತ್ತಿಲ್ಲವೇ ಎಂದು ಎರಡು ತಿಂಗಳಲ್ಲಿ ಮೊದಲ ಸಲ ಒಬ್ಬರು ಕೇಳಿದರು. ಇಲ್ಲವೆಂದು ನಾನು ತಲೆಯಾಡಿಸಿದೆ. ಅವನು ಉಳಿದ ಬಾಟಲಿಗಳನ್ನೆಲ್ಲ ಬಾಗಿಲ ಹಿಂದೆ ನಿಂತು ಒಂದೊಂದಾಗಿ ಮೂಸಿ ನನ್ನ ಕೈಗೆ ಕೊಟ್ಟ. ಅವನ ಬಾತುಕೋಳಿ ಒಲೆಯ ಮೇಲೆ ಕಾಯುತ್ತಿತ್ತು.

ಊಟ ಮುಗಿಯಿತು. ಜನ ಮೆಚ್ಚಿಕೊಂಡೇ ಎದ್ದರು. ಆಗ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು, ನಿಶ್ಮಿತಾ ಎಂದು, ಮಂಗಳೂರಿನ ಕಡೆಯವಳು, ಇಲ್ಲಿ ಇಂಗ್ಲಿಷ್ ಪತ್ರಿಕೆಯಲ್ಲಿ ಊಟತಿಂಡಿಯ ಬಗ್ಗೆ ಬರೆಯುತ್ತಾಳೆ. ಕನ್ನಡದಲ್ಲೇ ಮಾತಾಡಿಸಿದಳು. "ಮೇಡಂ, ಬಾಣಂತಿ ಲೇಹ್ಯ ಅಂತ ಯಾವ ವೈನ್ ಪುಸ್ತಕದಲ್ಲೂ ಇಲ್ಲ. ಇದು ಯಾರ ಮಾತು?" ಎಂದಳು. ಸುಳ್ಳು ಹೇಳಿ ಹೇಳಿ ನನಗೆ ಅವತ್ತು ಸಾಕಾಗಿತ್ತು. "ನಮ್ಮತ್ತೆ ಜಾನಕಮ್ಮನದು" ಎಂದುಬಿಟ್ಟೆ. ಎಪ್ಪತ್ತನಾಲ್ಕು ವರ್ಷ, ವೆಸ್ಟ್ ಮಾಂಬಲಂ, ಮಠದ ಮಡಿ ಅಡಿಗೆಯವರು, ಹೀಗೆ ಎಲ್ಲ ಹೇಳಿದೆ. ಹೇಳುವಾಗ ಎಷ್ಟು ಹೆಮ್ಮೆಯಾಯಿತೆಂದರೆ, ಏನು ಹೇಳುತ್ತಿದ್ದೇನೆ ಎಂಬ ಪರಿವೆ ಇರಲಿಲ್ಲ.

ಮರುದಿನ ಶಂಕರನಾರಾಯಣ ಅವರ ಕೋಣೆಗೆ ಹೋಗಿ ಮೂಗಿನ ವಿಷಯ ಹೇಳಿದೆ. ಅವರು ಕೂಗಾಡಲಿಲ್ಲ. "ಮೊದಲೇ ಹೇಳಬಾರದಿತ್ತೇ?" ಎಂದು ಒಂದೇ ಮಾತು ಕೇಳಿದರು. ಮೂರು ತಿಂಗಳು ಬೆಳಗಿನ ಹೊತ್ತು ಆಫೀಸಿನ ಕೆಲಸ, ಊಟದ ಕೋಣೆಗೆ ಬರುವಂತಿಲ್ಲ, ಆಮೇಲೆ ನೋಡೋಣ ಎಂದಿದ್ದಾರೆ. ಆಮೇಲೆ ಏನು ನೋಡುತ್ತಾರೋ ಗೊತ್ತಿಲ್ಲ.

ಸೋಮವಾರ ಸಾಯಂಕಾಲ ನಿನ್ನ ಮನೆಗೆ ಬಂದದ್ದು ಎಲ್ಲ ಹೇಳಲಿಕ್ಕೇ. ನೀನು ಹೂವು ತರಲು ಕೆಳಗೆ ಹೋಗಿದ್ದೆ. ನಾನೇ ಮೇಜಿನ ಮೇಲಿದ್ದ ಹಾಲು ಬಗ್ಗಿಸಿಕೊಂಡು ಅರ್ಧ ಲೋಟ ಕುಡಿದಿದ್ದೆ. ಸಕ್ಕರೆ ಹೆಚ್ಚಾಗಿ ಹಾಕಿಕೊಂಡಿದ್ದರಿಂದ ನಾಲಿಗೆಗೆ ಹುಳಿ ತಿಳಿದಿರಲಿಲ್ಲ. ನೀನು ಬಾಗಿಲಲ್ಲೇ ನಿಂತು, "ಏಯ್, ಅದು ಕೆಟ್ಟುಹೋಗಿದೆ ಕಣೇ, ಗಿಡಕ್ಕೆ ಹಾಕೋಣ ಅಂತ ಇಟ್ಟಿದ್ದೆ! ಇಲ್ಲಿ ತನಕ ನಾತ ಬರ್ತಿದೆ!" ಎಂದು ಕೂಗಿದೆ. ಆಮೇಲೆ ನನ್ನನ್ನೇ ನೋಡಿದೆ. ಹೂವನ್ನು ಕೆಳಗಿಟ್ಟು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಎಷ್ಟು ದಿನ ಆಯ್ತು?" ಎಂದೆ. ನಾನು ಜೂನ್‌ನಿಂದ ಎಂದೆ. ನೀನು ಬಯ್ಯಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಅಡಿಗೆಮನೆಯ ಮಣೆಯ ಮೇಲೆ ಕೂರಿಸಿ, ಇಂಗು, ಲವಂಗ, ಏಲಕ್ಕಿ, ಒಣ ನಿಂಬೆ ಸಿಪ್ಪೆಯ ನಾಲ್ಕು ಡಬ್ಬಿ ತೆಗೆದು, "ಕಣ್ಣು ಮುಚ್ಚು. ಇದು ಇಂಗು. ಇಂಗನ್ನ ನೆನೆಸಿಕೊಂಡು ಮೂಸು. ಮೂಗು ಮರೆತಿದ್ರೆ ಮನಸ್ಸು ಹೇಳಿಕೊಡಬೇಕು" ಎಂದೆ. ಡಾಕ್ಟರು ಬರೆದುಕೊಟ್ಟ ಅಭ್ಯಾಸವೂ ಹೆಚ್ಚು ಕಡಿಮೆ ಅದೇ. ನೀನು ಪ್ರತಿ ಡಬ್ಬಿಗೂ "ಬಂತಾ?" ಎನ್ನುತ್ತಿದ್ದೆ. ನಾನು "ಸ್ವಲ್ಪ ಸ್ವಲ್ಪ" ಎಂದೆ. ಬಂದಿರಲಿಲ್ಲ. ನಿನ್ನ ಮುಖದಲ್ಲಿ ಕಾಣುತ್ತಿದ್ದ ಆಸೆಗೆ ಅಂದದ್ದು. ನಿನ್ನೆಯೂ ಬಂದೆ, ನಿನ್ನೆಯೂ ಹಾಗೆಯೇ ಅಂದೆ.

ನಿನ್ನೆ ಲವಂಗದ ಡಬ್ಬಿ ನನ್ನ ಮೂಗಿನ ಹತ್ತಿರ ಇದ್ದಾಗಲೇ ಫೋನು ಕುಯ್ಯೆಂದಿತು. ನಿಶ್ಮಿತಾ ತನ್ನ ಬರಹ ಕಳಿಸಿದ್ದಳು. ಭಾನುವಾರದ ಪುರವಣಿಯಲ್ಲಿ ಬರುತ್ತದೆ. ಮೊದಲ ಸಾಲಿನಲ್ಲೇ ನಿನ್ನ ಹೆಸರಿದೆ, ಮಠವಿದೆ, ಆರಾಧನೆಯ ಅಡಿಗೆಯಿದೆ, ಮಾವ್ರೊದಾಫ್ನಿ ಇದೆ, ಬಾತುಕೋಳಿಯಿದೆ. ಫೋನನ್ನು ಮಗುಚಿಟ್ಟೆ. ನೀನು "ಏನೇ ಅದು, ಆಫೀಸಾ?" ಎಂದೆ. ನಾನು ಹೂಂ ಎಂದೆ.

ರಾತ್ರಿಯೆಲ್ಲ ಅದನ್ನೇ ಲೆಕ್ಕ ಹಾಕಿದೆ. ಆರಾಧನೆಗೆ ಇನ್ನು ಹದಿನೈದು ದಿನವೂ ಇಲ್ಲ. ಭಾನುವಾರ ಆ ಪತ್ರಿಕೆಯನ್ನು ಮಠದಲ್ಲಿ ಯಾರೋ ಒಬ್ಬರು ಬಿಡಿಸಿ ಓದುತ್ತಾರೆ. ಮೂವತ್ತೊಂದು ವರ್ಷ ನೀನು ಸೌಟು ಹಿಡಿದ ಒಲೆಯ ಮುಂದೆ ನಿನ್ನನ್ನು ನಿಲ್ಲಿಸಿ ಕೇಳುತ್ತಾರೆ. ನೀನು ಏನೆನ್ನುತ್ತೀಯ? ಔಷಧಿ ಎಂದು ವೃಂದಾ ಹೇಳಿದಳು ಎನ್ನುತ್ತೀಯ. ಅವರು ನಗುತ್ತಾರೆ. ಬೆಳಗಾಗುತ್ತಲೇ ನಿಶ್ಮಿತಾಳಿಗೆ ಫೋನು ಮಾಡಿ ಹೆಸರು ತೆಗೆಯಲು ಸಾಧ್ಯವೇ ಎಂದು ಕೇಳಿದೆ. ಶುಕ್ರವಾರ ಮೂರು ಗಂಟೆಯ ಒಳಗೆ ಹೇಳಿದರೆ ತೆಗೆಯುತ್ತಾಳೆ. ತೆಗೆದುಬಿಡು ಎನ್ನಲು ಹೋಗಿ ತಡೆದೆ. ಹೆಸರು ತೆಗೆದರೆ ಆ ಮಾತೆಲ್ಲ ನನ್ನದಾಗುತ್ತದೆ. ವೃಂದಾ ಎಂಥ ಜಾಣೆ, ಎಂಥ ಮೂಗು ಎಂದು ಊರು ಓದುತ್ತದೆ. ಹೆಸರಿಟ್ಟರೆ ನಿನ್ನ ಮಾನ ಹೋಗುತ್ತದೆ, ತೆಗೆದರೆ ನಿನ್ನ ಮಾತು ಕದ್ದಂತಾಗುತ್ತದೆ. ಎರಡನ್ನೂ ನಾನೊಬ್ಬಳೇ ತೀರ್ಮಾನ ಮಾಡಿದರೆ, ಅದು ನಿನ್ನನ್ನು ಕೇಳದೆ ಮಾಡಿದ ಇನ್ನೊಂದು ಕೆಲಸವಾಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಹೆಸರು ಇರಲೋ ಬೇಡವೋ? ಮಾತು ಇರಲೋ ಅದೂ ಬೇಡವೋ? ನೀನು ಹೇಳಿದಂತೆ. ಈ ಹಾಳೆಗಳನ್ನು ನಾಳೆ ಬೆಳಿಗ್ಗೆ ಜಯಲಕ್ಷ್ಮೀ ಮಾಮಿಯ ಕೈಯಲ್ಲಿ ಕೊಡುತ್ತೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಆ ಭಯ ಬೇಡ. ಉತ್ತರವನ್ನು ಅವರ ಹತ್ತಿರವೇ ಕೊಡು. ನನ್ನ ಮುಖ ನೋಡಬೇಡ ಎನಿಸಿದರೆ ಅದನ್ನೂ ಬರೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಶನಿವಾರ ಬೆಳಿಗ್ಗೆ

ಅತ್ತೆ,

ನಿನ್ನ ಮನೆಯಿಂದ ನಿನ್ನೆ ಬಂದ ಮೇಲೂ ಹೇಳಲಾಗದ ಮಾತು ಉಳಿದಿದೆ, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ.

ನಿನ್ನ ಚೀಟಿಯ ಫೋಟೋವನ್ನು ಜಯಲಕ್ಷ್ಮೀ ಮಾಮಿ ನಿನ್ನೆ ಮಧ್ಯಾಹ್ನ ಒಂದೂವರೆಗೆ ಫೋನಿಗೆ ಕಳಿಸಿದರು. ಗುರುವಾರ ಇಡೀ ದಿನ, ಶುಕ್ರವಾರ ಅರ್ಧ ದಿನ ನಾನು ಫೋನನ್ನು ಅಂಗೈಯಿಂದ ಕೆಳಗಿಟ್ಟಿರಲಿಲ್ಲ. ಹಾಲಿನ ಲೆಕ್ಕದ ಕ್ಯಾಲೆಂಡರ್ ಹಾಳೆಯ ಹಿಂಭಾಗ, ಪೆನ್ಸಿಲಿನ ಅಕ್ಷರ. "ಹೆಸರು ಬೇಡ. ಮಾತು ಇರಲಿ, ಸುಳ್ಳಲ್ಲ ಅದು. ಸಾಯಂಕಾಲ ಬಾ." ಅಷ್ಟೇ. ಹತ್ತು ಸಲ ಓದಿದೆ. ಸಿಟ್ಟಿನಲ್ಲಿ ಬರೆದದ್ದೋ ಸಮಾಧಾನದಲ್ಲಿ ಬರೆದದ್ದೋ ತಿಳಿಯಲಿಲ್ಲ. ನಿಶ್ಮಿತಾಳಿಗೆ ಹೇಳಿದೆ. ನಿನ್ನ ಹೆಸರು, ಮಠ, ಮಾಂಬಲ ಎಲ್ಲ ತೆಗೆದಿದ್ದಾಳೆ. "ಈ ಮಾತುಗಳು ವೃಂದಾ ಅವರದಲ್ಲ, ಹೆಸರು ಹೇಳಲು ಇಷ್ಟಪಡದ ಒಬ್ಬ ಹಿರಿಯ ಅಡಿಗೆಯವರದು" ಎಂದು ಒಂದು ಸಾಲು ಸೇರಿಸು ಎಂದೆ, ಸೇರಿಸಿದ್ದಾಳೆ.

ಮೆಟ್ಟಿಲಲ್ಲಿ ಜಯಲಕ್ಷ್ಮೀ ಮಾಮಿ ತಡೆದು ನಿಲ್ಲಿಸಿದರು. ನೀನು ಗುರುವಾರ ಸಾಯಂಕಾಲವೇ ಮಠಕ್ಕೆ ಹೋಗಿ, ಈ ವರ್ಷ ಆರಾಧನೆಯ ಅಡಿಗೆಗೆ ಬರುವುದಿಲ್ಲ ಎಂದು ಹೇಳಿ ಬಂದೆಯಂತೆ. ಯಾಕೆಂದು ಮಠದವರು ಕೇಳಿದ್ದಕ್ಕೆ, "ನನಗೆ ಮೈಲಿಗೆಯಾಗಿದೆ, ಅದನ್ನ ನಾನು ಕಳೆದುಕೊಳ್ಳಬೇಕು" ಎಂದೆಯಂತೆ, ಮತ್ತೆ ಅವರು ಕೇಳಲಿಲ್ಲವಂತೆ. ಮಾಮಿಗೆ ಏನೂ ಅರ್ಥವಾಗಿರಲಿಲ್ಲ. "ಎನ್ನಮ್ಮಾ ಆಚು ಅವಾಳುಕ್ಕು?" ಎಂದು, ನಿನಗೆ ಏನಾಯಿತೆಂದು, ನನ್ನನ್ನೇ ಕೇಳಿದರು. ಹೆಸರು ಪತ್ರಿಕೆಯಲ್ಲಿ ಬರದಿದ್ದರೆ ಸಾಕು ಎಂದುಕೊಂಡಿದ್ದೆ. ಯಾರಿಗೂ ತಿಳಿಯದಿದ್ದರೂ ನಿನಗೆ ತಿಳಿದಿದೆ ಎಂಬುದು ನನ್ನ ಬುದ್ಧಿಗೆ ಹೊಳೆದೇ ಇರಲಿಲ್ಲ.

ನೀನು ಬಾಗಿಲು ತೆಗೆದೆ. ನನ್ನ ಕಾಗದದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಅಭ್ಯಾಸದಂತೆ ಒಳಕ್ಕೆ ಹೆಜ್ಜೆ ಇಟ್ಟಾಗ ಅಡಿಗೆಮನೆಯ ಹೊಸ್ತಿಲಿಗೆ ಕೈ ಅಡ್ಡ ಹಿಡಿದೆ. "ಒಳಗೆ ಬೇಡ. ಹೊರಗೇ ಕೂತ್ಕೊ" ಎಂದೆ. ಮೂವತ್ತು ವರ್ಷದಿಂದ ನನ್ನದಾಗಿದ್ದ ಆ ಮಣೆಯನ್ನು ಅಲ್ಲಿಂದಲೇ ನೋಡಿದೆ. ಹೊರಗೆ ಕುರ್ಚಿಯಲ್ಲಿ ಕೂತೆ. ಹೊರಟುಹೋಗಬೇಕೋ ಇರಬೇಕೋ ತಿಳಿಯದೆ ಚಪ್ಪಲಿಯ ಕಡೆ ನೋಡುತ್ತಿದ್ದೆ.

ಆಗ ನೀನು ಒಳಗಿನಿಂದ ಇಂಗಿನ ಡಬ್ಬಿ ಹಿಡಿದುಕೊಂಡು ಬಂದೆ. ಮಂಡಿ ನೋವಿಗೆ ಗೋಡೆಗೆ ಒಂದು ಕೈ ಊರಿಕೊಂಡು, ಒಂದು ಸಲಕ್ಕೆ ಒಂದೇ ಡಬ್ಬಿ. ಅದನ್ನು ನನ್ನ ಮುಂದೆ ಇಟ್ಟು ಮತ್ತೆ ಒಳಗೆ ಹೋಗಿ ಲವಂಗ ತಂದೆ. ಮತ್ತೆ ಹೋಗಿ ಏಲಕ್ಕಿ. ನಾನು ಏಳಲು ಹೋದರೆ "ಕೂತ್ಕೋ ಅಂದೆನಲ್ಲ" ಎಂದು ಗದರಿಸಿದೆ. ನಾಲ್ಕನೆಯ ಸಲ ಒಣ ನಿಂಬೆ ಸಿಪ್ಪೆ ಹಿಡಿದು ಬಂದಾಗ ನಿನಗೆ ಏದುಸಿರು ಬಂದಿತ್ತು. ಎದುರಿನ ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಕಣ್ಣು ಮುಚ್ಚು" ಎಂದೆ.

ನಾಲ್ಕನ್ನೂ ಮೂಸಿದೆ. ನಾಲ್ಕಕ್ಕೂ ನೀನು "ಬಂತಾ?" ಎಂದೆ. ಕಣ್ಣು ಮುಚ್ಚಿಕೊಂಡೇ, ನಿನಗೆ ಕೇಳುವಷ್ಟು ಗಟ್ಟಿಯ ದನಿಯಲ್ಲಿ, ಜಯಲಕ್ಷ್ಮೀ ಮಾಮಿಗೂ ಕೇಳಿದರೆ ಕೇಳಲಿ ಎಂದು, "ಇಲ್ಲ ಅತ್ತೆ, ಏನೂ ಬರ್ತಿಲ್ಲ. ಸೋಮವಾರವೂ ಬರಲಿಲ್ಲ, ಮಂಗಳವಾರವೂ ಬರಲಿಲ್ಲ" ಎಂದೆ.

ಆಮೇಲೆ ಡಬ್ಬಿಯ ಮುಚ್ಚಳ ಹಾಕುವ ಸದ್ದು ಕೇಳಿತು. "ಶರಿ. ನಾಳೆ ಬಾ, ಮತ್ತೆ ನೋಡೋಣ" ಎಂದೆ.

ಅಲ್ಲೇ ಹೇಳಬೇಕಾಗಿದ್ದು ಇದು. ಆರಾಧನೆಯ ಮೂರು ದಿನ ನಾನು ರಜೆ ಹಾಕಿದ್ದೇನೆ. ನೀನು ಮನೆಯಲ್ಲಿ ಕೂತಿರುವ ಆ ಮೂರು ದಿನವೂ ನಿನ್ನ ಹೊರಗಿನ ಕೋಣೆಯಲ್ಲಿ ಇರುತ್ತೇನೆ. ಮಾತಾಡಿಸಬೇಕೆಂದಿಲ್ಲ. ಅಡಿಗೆಮನೆಯ ಹೊಸ್ತಿಲು ದಾಟುವುದಿಲ್ಲ, ನೀನಾಗಿ ಕರೆಯುವ ತನಕ ಕೇಳುವುದೂ ಇಲ್ಲ. ಮೂಗು ಬರುತ್ತದೋ ಇಲ್ಲವೋ ಎಂಬ ಭಯ ಹಾಗೆಯೇ ಇದೆ, ಗ್ಯಾಸಿನ ತಿರುಪನ್ನು ಇವತ್ತೂ ನಾಲ್ಕು ಸಲ ನೋಡಿದೆ. ಆದರೆ ನಿನ್ನ ಮುಂದೆ ಹೆದರಿಕೊಂಡು ಕೂರುವುದು ಬೇರೆ, ನಿನ್ನಿಂದ ಮುಚ್ಚಿಟ್ಟುಕೊಂಡು ಹೆದರುವುದು ಬೇರೆ.

ಮಂಡಿಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಆಯುಸ್ಸು ಆರೋಗ್ಯಕ್ಕೆ ದೇವರಲ್ಲಿ ಬೇಡಿಕೊಳ್ಳುತ್ತೇನೆ. ನನಗಾಗಿ ಏನು ಬೇಡಿಕೊಳ್ಳಬೇಕೋ ಅದನ್ನು ನಿನಗೇ ಬಿಟ್ಟಿದ್ದೇನೆ.

ಇವತ್ತು ಸಾಯಂಕಾಲ ಐದಕ್ಕೆ ಬರುತ್ತೇನೆ.

ನಿನ್ನ ಕಾಲಿಗೆ ನಮಸ್ಕರಿಸುವ,
ವೃಂದಾ